ವಲ್ಲಿಯ ಕೆಳಗೆ ಸುಮ್ಮನಿರದ ಕೈ

ನಿಮ್ಮ ಕೈಯೋ ಕಾಲೋ ನಿಮ್ಮ ಮಾತು ಕೇಳದೆ ತಾನಾಗಿ ಆಡಲು ಶುರು ಮಾಡಿದ್ದರೆ ನನ್ನ ಮೊದಲ ಸಲಹೆ ಔಷಧದ್ದಲ್ಲ. ಯಾರ ಮೇಲೆ ನಿಮಗೆ ಅನುಮಾನ ಬಂದಿದೆಯೋ ಅವರ ಹೆಸರನ್ನು ಸ್ವಲ್ಪ ದಿನ ಬಾಯಿಂದ ಹೊರಗೆ ಬಿಡಬೇಡಿರಿ. ಅನುಮಾನ ಬರುತ್ತದೆ, ಬರಲಿ. ನನಗೆ ಹೆಂಡತಿಯ ತಮ್ಮನ ಮೇಲೆ ಬಂತು, ಡಾಕ್ಟರರ ಮೇಲೆ ಬಂತು, ಒಂದು ದಿನ ಓಣಿಯ ಬಾವಿಯ ನೀರಿನ ಮೇಲೂ ಬಂತು. ಎರಡನೆಯ ಸಲಹೆ, ರೋಗ ನಿಜವಾಗಿಯೂ ಇದೆ ಎಂದು ಎದುರಿನವರ ಮುಂದೆ ಆಣೆ ಮಾಡಬೇಡಿರಿ. ನಾನು ದನದ ಬಜಾರಿನಲ್ಲಿ ಬದುಕಿದವನು. ಬಹಳ ಆಣೆ ಮಾಡುವವನ ಎತ್ತಿನ ಬಾಯಿಯನ್ನು ನಾನೇ ಮತ್ತೊಮ್ಮೆ ತೆರೆದು ಹಲ್ಲು ನೋಡುತ್ತೇನೆ.

ಎತ್ತಿನ ದಲಾಲಿ ನನ್ನ ಕಸುಬು. ನಾನು ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡ. ಮಂದಿಯ ದನ ಕಾಯ್ದು, ಹಲ್ಲು, ಸುಳಿ, ಗೊರಸು ನೋಡುವುದನ್ನು ಕಲಿತು, ಯಾರ ಹಂಗೂ ಇಲ್ಲದೆ ಮೇಲೆ ಬಂದೆ. ಕಲಬುರ್ಗಿಯ ಕಿಲ್ಲೆಯ ಹಿಂದಿನ ಓಣಿಯಲ್ಲಿ ಸ್ವಂತ ಮನೆ. ವಾರಕ್ಕೊಮ್ಮೆ ಬಂಡಿ ಹೂಡಿಕೊಂಡು ಮಹಾಗಾಂವ ದಾಟಿ ಕಮಲಾಪುರದ ದನದ ಬಜಾರಿಗೆ ಹೋಗುವುದು. ನಿಜಾಮ ಸರಕಾರದ ಕಚೇರಿಗೆ ಉರ್ದು ಬೇಕು, ಅದನ್ನು ಕಿವಿಯಿಂದಲೇ ಕಲಿತೆ. ಕನ್ನಡದ ಅಕ್ಷರವನ್ನು ಮಠದ ಅಯ್ಯಗಳ ಮುಂದೆ ಕೂತು ಮರಳಿನ ಮೇಲೆ ತಿದ್ದಿದ್ದೆ. ಅದು ಇವತ್ತು ಇದನ್ನು ಬರೆಯಲು ಉಪಯೋಗಕ್ಕೆ ಬಂತು.

ನಮ್ಮ ಬಜಾರಿನಲ್ಲಿ ಎತ್ತಿನ ದರವನ್ನು ಬಾಯಿಂದ ಹೇಳುವ ರೂಢಿ ಇಲ್ಲ. ಮಾರುವವರ ಕಡೆಯ ದಲಾಲಿಯೂ ಕೊಳ್ಳುವವರ ಕಡೆಯ ದಲಾಲಿಯೂ ಎದುರುಬದುರು ಕೂತು, ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಬಲಗೈ ಮೇಲೆ ಹೊದಿಸುತ್ತಾರೆ. ಆ ಬಟ್ಟೆಯ ಕೆಳಗೆ ಮಾತೆಲ್ಲ ಬೆರಳಿನದು. ಹಿಡಿದ ಬೆರಳಿನ ಲೆಕ್ಕವೇ ದರ. ಬೆರಳನ್ನು ಜಾರಿಸಿಕೊಂಡರೆ ಒಪ್ಪಿಗೆ ಇಲ್ಲ. ಮಣಿಕಟ್ಟು ಹಿಡಿದರೆ ಸೌದಾ ಮುಗಿಯಿತು, ಆಮೇಲೆ ಯಾರು ಬಂದರೂ ತಿರುಗಿಸುವ ಹಾಗಿಲ್ಲ. ಸುತ್ತ ನಿಂತವರಿಗೆ ಕಾಣುವುದು ಅಲುಗುವ ಬಟ್ಟೆ ಮತ್ತು ಇಬ್ಬರ ಮುಖ.

ಎದುರಿನವನು ಬೆರಳು ಹಿಡಿಯುವುದಕ್ಕೂ ನಾನು ಉತ್ತರ ಕೊಡುವುದಕ್ಕೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಕೈಗೆ ಆತುರ, ಅದು ಕೂಡಲೇ ಏನಾದರೂ ಹೇಳಬೇಕೆನ್ನುತ್ತದೆ. ಅದನ್ನು ತಡೆಯಬೇಕು. ತಡೆದು ಹಿಡಿದ ಆ ಗಳಿಗೆಯಲ್ಲಿ ನಾನು ಎತ್ತನ್ನೂ, ಕೊಳ್ಳುವವನ ಅವಸರವನ್ನೂ, ಅವನ ದಲಾಲಿಯ ಕೆಮ್ಮನ್ನೂ ತೂಗಿ ನೋಡುತ್ತಿದ್ದೆ. ನನ್ನ ಬದುಕನ್ನೆಲ್ಲ ನಾನು ಆ ಸಂದಿನಲ್ಲಿ ಕಟ್ಟಿಕೊಂಡೆ. ಒಂದು ಮುಂಜಾನೆ ಆ ಸಂದು ಮುಚ್ಚಿಹೋಯಿತು.

ಅದಕ್ಕಿಂತ ಮೊದಲು ಸೂಚನೆಗಳು ಇರಲಿಲ್ಲವೆಂದಲ್ಲ. ಊಟಕ್ಕೆ ಕೂತಾಗ ಬಲಗೈ ಬೆರಳು ತಾಟಿನ ಅಂಚಿನ ಮೇಲೆ ತಾಳ ಹಾಕಿದಂತೆ ಕುಣಿಯುತ್ತಿದ್ದವು. ತಂಬಿಗೆ ಜಾರಿತ್ತು. ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎತ್ತಿನ ಕಾಲಿನಲ್ಲಿ ಇಂಥ ಅದುರು ಕಂಡಿದ್ದರೆ ಮಾರುವವನನ್ನು ನಿಲ್ಲಿಸಿ ಹತ್ತು ಪ್ರಶ್ನೆ ಕೇಳುತ್ತಿದ್ದೆ.

ಆ ಮುಂಜಾನೆ ನಾನು ಮಹಾಗಾಂವದ ಗೌರವ್ವನ ಕಡೆಯ ದಲಾಲಿ. ಗಂಡ ತೀರಿಕೊಂಡ ಮೇಲೆ ಆಕೆ ಹೊಲವನ್ನು ಪಾಲಿಗೆ ಕೊಟ್ಟಿದ್ದಳು. ಕರುವಿನಿಂದ ಸಾಕಿದ ಒಂದು ಜೋಡಿ ದೇವಣಿ ತಳಿಯ ಎತ್ತುಗಳನ್ನು ಮಾರಿ ಎಮ್ಮೆ ಕಟ್ಟಿ ಹೈನದ ಮೇಲೆ ಬದುಕಬೇಕೆಂಬುದು ಆಕೆಯ ಲೆಕ್ಕ. ಕೊಳ್ಳಲು ಬಂದವನು ಬಂಡಿಗಳ ಮೇಲೆ ಕಲ್ಲು ಸಾಗಿಸುವ ಗುತ್ತೇದಾರ. ಅವನ ದಲಾಲಿ ಖಾಸೀಮಸಾಬ. ಖಾಸೀಮಸಾಬನೂ ನಾನೂ ಪ್ರಾಯದಿಂದಲೂ ಒಂದೇ ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನೊಬ್ಬರು ತಿರುವಿದವರು. ಅವನ ಮನೆಯ ಮದುವೆಗೆ ಹೋಗಿದ್ದೇನೆ, ಅವನು ನಮ್ಮ ಮನೆಯ ಸೀಗೆ ಹುಣ್ಣಿಮೆಯ ಕಡುಬು ತಿಂದಿದ್ದಾನೆ. ಆದರೂ ಅವನು ಹಗಲು ಎಂದರೆ ನಾನು ಒಮ್ಮೆ ತಲೆ ಎತ್ತಿ ಸೂರ್ಯನನ್ನು ನೋಡುವವನೇ.

ಅವನು ನನ್ನ ಬೆರಳು ಹಿಡಿದ. ದರ ಬಹಳ ಕಡಿಮೆ. ನಗಬೇಕೆನ್ನಿಸಿತು. ಜಾರಿಸಿಕೊಳ್ಳಬೇಕು ಎಂದು ನಾನು ಎಣಿಸುವಷ್ಟರಲ್ಲಿ ನನ್ನ ಕೈ ಹಾವಿನ ಹಾಗೆ ತಿರುಗಿ ಅವನ ಮಣಿಕಟ್ಟಿನ ಮೇಲೆ ಬಿತ್ತು. ಬಿದ್ದು, ಬಿಗಿಯಾಗಿ ಹಿಡಿದುಕೊಂಡಿತು.

ಖಾಸೀಮಸಾಬನ ಕಣ್ಣು ದೊಡ್ಡವಾದವು. ಅವನಿಗೇ ನಂಬಿಕೆ ಬರಲಿಲ್ಲ. ಆದರೆ ಕಸುಬು ಕಸುಬೇ. ಬಟ್ಟೆ ಎಳೆದುಬಿಟ್ಟ. ನನ್ನ ಕೈ ಅವನ ಮಣಿಕಟ್ಟಿನ ಮೇಲಿತ್ತು, ಎಲ್ಲರೂ ನೋಡಿದರು.

"ಸೌದಾ ಆತು!" ಎಂದು ಗುತ್ತೇದಾರ ಹಗ್ಗಕ್ಕೆ ಕೈ ಹಾಕಿದ.

ದರ ಎಷ್ಟೆಂದು ಖಾಸೀಮಸಾಬ ಗೌರವ್ವನ ಕಿವಿಗೆ ಹೇಳಿದಾಗ ಆಕೆ ಮೊದಲು ಅವನ ಮುಖ ನೋಡಿದಳು, ಆಮೇಲೆ ನನ್ನ ಮುಖ.

"ಯಪ್ಪಾ ದಲಾಲಿ, ನಿನಗ ಆ ಕಡಿಯಿಂದ ಏನ್ ಮುಟ್ಟ್ಯಾದ ಖರೇ ಹೇಳು."

"ಅವ್ವಾ, ನಾ ಹಿಡದಿಲ್ಲ. ಕೈ ತಾನೇ ಹಿಡೀತು."

ಇಡೀ ಬಜಾರು ನಕ್ಕಿತು. ಹೆಂಗ ಹೇಳಲಿ, ನನಗೇ ನಗೆ ಬರುವಂಥ ಮಾತು ಅದು. ಬೇರೆ ಯಾರಾದರೂ ಅಂದಿದ್ದರೆ ಒಂದಿಬ್ಬರಾದರೂ ನಂಬುತ್ತಿದ್ದರೇನೋ. ಸೌದಾ ನಡುವೆ ಹೊಟ್ಟೆನೋವು ಎಂದು ಎದ್ದು ಹೋಗಿ ಎದುರಿನವನನ್ನು ಬಿಸಿಲಲ್ಲಿ ಕಾಯಿಸುವುದು, ಕಿವಿ ಕೇಳದವನ ಹಾಗೆ ನಟಿಸುವುದು ನನಗೆ ಕಸುಬಿನ ಹತಾರಗಳು. ಅವೆಲ್ಲ ಅವರಿಗೆ ನೆನಪಿದ್ದವು.

"ಈ ಸಲ ಹೊಸಾ ಆಟ ತಂದಾನ್ರೀ ಸಿದ್ರಾಮಪ್ಪ," ಎಂದ ಒಬ್ಬ. "ಮುಂದಿನ ವಾರ ಕಾಲು ಮಾತಾಡ್ತದ!"

ಬೇವಿನ ಮರದ ಕೆಳಗೆ ಬಜಾರಿನ ಪಂಚರು ಕೂಡಿದರು. ನಾನು ಕೈ ಚಾಚಿ ತೋರಿಸಿದೆ, ಬೆರಳು ಕುಣಿಯುತ್ತಿದ್ದವು. ಹಿರಿಯ ಪಂಚರು ಬಹಳ ಹೊತ್ತು ನೋಡಿ ಅಂದರು: "ದವಾಖಾನಿಗೆ ಹೋಗಿ ತೋರ್ಸು. ಹೋಳಿಕಿಂತ ಮೊದಲಿನ ಬಜಾರದಾಗ ಇತ್ಯರ್ಥ ಮಾಡ್ತೀವಿ. ಅಲ್ಲಿತನಕ ಎತ್ತು ನಮ್ಮ ಕೊಟಗಿದಾಗ ಇರ್ಲಿ. ರೋಗ ಖರೇ ಇದ್ರ ಸೌದಾ ಮುರೀತದ, ಆಯಮ್ಮನ ಎತ್ತು ಆಯಮ್ಮಗ. ಸುಳ್ಳಿದ್ರ ಎತ್ತು ಗುತ್ತೇದಾರನವು, ನೀ ಇನ್ನ ಈ ಬಜಾರದಾಗ ವಲ್ಲಿ ಹಾಸಂಗಿಲ್ಲ."

ಬಜಾರಿನಿಂದ ಹೊರಗೆ ಹಾಕಿದರೆ ನಾನು ಯಾರು? ಅಪ್ಪನ ಹೊಲವಿಲ್ಲ, ಅಣ್ಣತಮ್ಮಂದಿರಿಲ್ಲ. ನನ್ನ ಕೈಯೇ ನನ್ನ ಹೊಲ. ಅದರಲ್ಲಿ ಯಾರೋ ಬೇರೆಯವರು ಉಳುತ್ತಿದ್ದರು.

ಬಂಡಿ ಹೊಡೆಯುತ್ತಿದ್ದವನು ನನ್ನ ಹೆಂಡತಿ ನಾಗಮ್ಮನ ತಮ್ಮ ಬಸಣ್ಣ. ನಮ್ಮ ಮನೆಯಲ್ಲೇ ಇದ್ದು ಕಸುಬು ಕಲಿಯುತ್ತಿದ್ದ. ದಾರಿಯುದ್ದಕ್ಕೂ ಅವನ ಬೆನ್ನು ನೋಡುತ್ತ ಬಂದೆ. ನಾನು ಹೊರಬಿದ್ದರೆ ಬಜಾರಿನಲ್ಲಿ ನನ್ನ ಜಾಗಕ್ಕೆ ಯಾರು ಬರುತ್ತಾರೆ? ಇವನೇ. ನನಗೆ ದಿನಾ ಮುಂಜಾನೆ ಹಾಲು ತಂದು ಕೊಡುವವರು ಯಾರು? ಇವನೇ. ಲೆಕ್ಕ ಎಷ್ಟು ಚೊಕ್ಕಾಗಿ ಕೂಡಿತೆಂದರೆ, ಆರೋಗ್ಯದ ದಿನಗಳಲ್ಲಾಗಿದ್ದರೆ ಇಷ್ಟು ಚೊಕ್ಕಾಗಿ ಕೂಡಿತಲ್ಲ ಎಂಬುದರ ಮೇಲೇ ನನಗೆ ಅನುಮಾನ ಬರುತ್ತಿತ್ತು. ಆದರೆ ಆ ದಿನಗಳಲ್ಲಿ ಕೈಯಷ್ಟೇ ಅಲ್ಲ, ನಾಲಿಗೆಯೂ ಕಟ್ಟು ಬಿಚ್ಚಿಕೊಂಡಿತ್ತು. ಮನೆಯ ಹೊಸ್ತಿಲು ದಾಟುತ್ತಲೇ ಅಂದುಬಿಟ್ಟೆ.

"ಹಾಲಿನಾಗ ಏನ್ ಹಾಕಿ ಕೊಡ್ಲಾಕತ್ತೀಯೋ?"

ಬಸಣ್ಣ ಬಾರುಕೋಲನ್ನು ಗೋಡೆಗೆ ಆನಿಸಿ ನಿಂತ. "ಏನಂದ್ರಿ ಮಾವ?"

"ಮದ್ದು ಹಾಕೀದಿ ಅಂದೆ."

ಅವನು ಅಕ್ಕನ ಮುಖ ನೋಡಿದ. ಆಮೇಲೆ ಒಳಗೆ ಹೋಗಿ ತನ್ನ ಅಂಗಿ, ಕಂಬಳಿ ಹೆಗಲಿಗೆ ಹಾಕಿಕೊಂಡು ತಾಜಸುಲ್ತಾನಪುರದ ತನ್ನ ಮನೆಗೆ ನಡೆದುಬಿಟ್ಟ. ನಾಗಮ್ಮ ಉಳಿದ ಹಾಲನ್ನು ನನ್ನ ಎದುರಿಗೇ ಗಟಗಟ ಕುಡಿದು ಗಡಿಗೆ ಬೋರಲು ಹಾಕಿದಳು.

ಮರುದಿನ ಸರಕಾರಿ ದವಾಖಾನೆ. ಅದರ ಪಡಸಾಲೆಯ ಕಟ್ಟೆಯ ಮೇಲೆ ಕೂತು ಕಾಯುವುದೇ ಒಂದು ಬೇರೆ ರೋಗ. ಒಳಗಿನಿಂದ ಘಾಟು ವಾಸನೆ ಬರುತ್ತದೆ, ಪಕ್ಕದವರು ನಿಮ್ಮ ರೋಗವನ್ನು ಕೇಳಿ ತಮ್ಮದಕ್ಕಿಂತ ದೊಡ್ಡದೋ ಸಣ್ಣದೋ ಎಂದು ಅಳೆಯುತ್ತಾರೆ. ನನ್ನ ಎಡಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ನೇಕಾರ ಕೂತಿದ್ದ. ನನ್ನ ಕೈ ಹಾರಿ ಅವನ ತೊಡೆಗೆ ಬಡಿಯಿತು.

"ಏನಪಾ, ಜಗಳ ಮಾಡಾವಿದ್ರ ಕಣ್ ಬಿಚ್ಚಿದ ಮ್ಯಾಲ ಮಾಡು. ಈಗ ನನಗ ನೀ ಎಷ್ಟ್ ದಪ್ಪ ಇದ್ದೀ ಗೊತ್ತಾಗಂಗಿಲ್ಲ."

"ತಪ್ಪಾತು. ಕೈ ತಾನೇ ಬರ್ತದ."

"ತಾನೇ ಬರ್ತದಾ?" ಎಂದವನು ತಡಕಾಡಿ ನನ್ನ ಕೈಯನ್ನು ಹಿಡಿದು ತನ್ನ ಎರಡೂ ಅಂಗೈ ನಡುವೆ ಇಟ್ಟುಕೊಂಡ. "ಇಲ್ಲೇ ಇರ್ಲಿ ಬಿಡು. ನನಗೂ ಕೆಲಸ ಇಲ್ಲ." ನಮ್ಮ ಸರದಿ ಬರುವವರೆಗೂ ಹಾಗೇ ಹಿಡಿದುಕೊಂಡು ಕೂತ. ಏನೂ ಕೇಳಲಿಲ್ಲ. ಇವನಿಗೆ ನನ್ನಿಂದ ಏನು ಬೇಕಾಗಿರಬಹುದು ಎಂದು ನಾನು ಆ ಹೊತ್ತೆಲ್ಲ ಹುಡುಕಿದೆ; ಏನೂ ಸಿಗಲಿಲ್ಲ.

ಡಾಕ್ಟರ್ ಹೈದರಾಬಾದಿನ ಕಡೆಯವರು, ಉರ್ದುವಿನಲ್ಲಿ ಮಾತಾಡುವವರು. ನಾನು ಪಂಚರ ಮಾತು ಹೇಳಿದ ಕೂಡಲೇ ಅವರ ಮುಖ ಗಂಟಾಯಿತು. ನ್ಯಾಯಕ್ಕೆ ಸಾಕ್ಷಿ ಬೇಕೆಂದು ಇಲ್ಲದ ರೋಗ ಹೇಳಿಕೊಂಡು ಬರುವವರು ತಮಗೆ ಬಹಳ ಗೊತ್ತು, ತಾವು ಚೀಟಿ ಬರೆದು ಕೊಡುವುದಿಲ್ಲ ಎಂದರು. ಆದರೂ ಪರೀಕ್ಷೆ ಮಾಡಿದರು. ನಾಲಿಗೆ ಹೊರಗೆ ಚಾಚಿ ಹಿಡಿ ಎಂದರು, ನಾಲಿಗೆ ಹಲ್ಲಿಯ ಹಾಗೆ ಒಳಗೆ ಓಡಿತು. ತಮ್ಮ ಬೆರಳನ್ನು ಬಿಗಿಯಾಗಿ ಹಿಡಿ ಎಂದರು. ನನ್ನ ಹಿಡಿತ ಹಾಲು ಹಿಂಡುವಂತೆ ಬಿಗಿಯಾಗಿ ಸಡಿಲಾಗಿ ಆಗುತ್ತಿತ್ತು. ಅಲ್ಲಿಂದ ಅವರ ದನಿ ಮೆತ್ತಗಾಯಿತು.

ಅವರು ಕೇಳಿದರು, ನಿದ್ದೆಯಲ್ಲಿ ಕೈ ಆಡುತ್ತದೋ? ನನಗೇನು ಗೊತ್ತು, ನಾನು ನಿದ್ದೆಯಲ್ಲಿರುತ್ತೇನೆ. ಹೆಂಡತಿ ನೋಡಿ ಬಂದು ಹೇಳಲಿ ಎಂದರು.

ಮಧ್ಯಾಹ್ನದ ಊಟದ ನಂತರ ಮನೆಯ ಪಡಸಾಲೆಯಲ್ಲಿ ಮಲಗಿದೆ. ಎದ್ದಾಗ ನಾಗಮ್ಮ ಪಕ್ಕದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು.

"ಕೈ ಆಡಿತೇನು?"

"ಇಲ್ಲ. ಕೂಸಿನ ಕೈ ಹಂಗ ಸುಮ್ಮನ ಬಿದ್ದಿತ್ತು." ಮೊರದಿಂದ ಕಣ್ಣೆತ್ತಲಿಲ್ಲ. "ಎಚ್ಚರ ಆಗೋದ್ರಾಗ ಮೊದಲ ಕಣ್ಣಲ್ರೀ, ಮೊದಲ ಬೆರಳು ಎಚ್ಚರಾದ್ವು."

ಈ ಮಾತು ಓಣಿಗೆ ಹೇಗೆ ಹೋಯಿತೋ ಗೊತ್ತಿಲ್ಲ. ಓಣಿಯಿಂದ ಬಜಾರಿಗೆ ಹೋಗಲು ಅದಕ್ಕೆ ಬಂಡಿ ಬೇಕಾಗಲಿಲ್ಲ. ನಿದ್ದೆಯಲ್ಲಿ ನಿಲ್ಲುತ್ತದೆಂದರೆ ಎಚ್ಚರದಲ್ಲಿ ಬೇಕೆಂದೇ ಆಡಿಸುತ್ತಾನೆ ಎಂದು ಮಂದಿ ತೀರ್ಮಾನ ಮಾಡಿದರು. ಸುಳ್ಳು ಹೇಳುವುದಿಲ್ಲ, ಇನ್ನೊಬ್ಬನಿಗೆ ಹೀಗಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದೇ ಸಂಗತಿಯನ್ನು ಡಾಕ್ಟರ್ ಕೇಳಿ ಮಾತ್ರ ತಲೆಯಾಡಿಸಿದರು. "ಹಾಗಾದರೆ ರೋಗ ನಿಜ" ಎಂದರು, ಆದರೂ ಬಜಾರಿನ ಜಗಳಕ್ಕೆ ಚೀಟಿ ಬರೆಯಲು ಒಪ್ಪಲಿಲ್ಲ. ಒಂದೇ ಸಾಕ್ಷಿ, ಎರಡು ತೀರ್ಪು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಿನ್ನ ಕೈಗೆ ಹೊಸದಾಗಿ ಏನೂ ಬಂದು ಸೇರಿಲ್ಲ ಎಂದರು. ತೊಟ್ಟಿಲಿನ ಕೂಸನ್ನು ನೋಡು, ಕೈಕಾಲು ಯಾವಾಗಲೂ ಆಡುತ್ತಿರುತ್ತವೆ. ದೇಹದ ಸ್ವಭಾವವೇ ಅದು. ಬೆಳೆಯುತ್ತ ತಲೆಯೊಳಗೆ ಒಬ್ಬ ತಡೆಯುವವನು ಕೂರುತ್ತಾನೆ. ನಿನ್ನ ತಲೆಯ ಒಂದು ನರಕ್ಕೆ ಪೆಟ್ಟು ಬಿದ್ದು ಆ ತಡೆಯುವವನು ರಜೆ ಹಾಕಿದ್ದಾನೆ. ಮರಳಿ ಬಂದಾನು, ಬರದೆಯೂ ಇದ್ದಾನು. ಕಹಿ ಔಷಧದ ಸೀಸೆ ಕೊಟ್ಟು, ಬಿಸಿಲಿಗೆ ಹೋಗಬೇಡ, ಸಿಟ್ಟು ಮಾಡಬೇಡ ಎಂದರು. ಸಿಟ್ಟು ಮಾಡಬೇಡ ಎನ್ನುವುದಕ್ಕೆ ದವಾಖಾನೆಯೇ ಬೇಕೆ ಎಂದು ನನಗೆ ಸಿಟ್ಟು ಬಂತು.

ಆ ತಡೆಯುವವನ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಮನೆಯಲ್ಲಿ ಕೂತವನಿಗೆ ಬೇರೆ ಕೆಲಸವೇನಿತ್ತು? ನನ್ನ ಹಳೆಯ ಬುದ್ಧಿ, ಬಜಾರಿನಲ್ಲಿ ಹೆಸರಾದ ಬುದ್ಧಿ, ಅದೂ ಕೈಯ ಜೊತೆಗೇ ಸಡಿಲಾದದ್ದನ್ನು ನಾನು ಗಮನಿಸಿದ್ದೆ. ಮೊದಲು ಒಬ್ಬನ ಮೇಲೆ ಅನುಮಾನ ಬಂದರೆ ಅದನ್ನು ಬಾಯಿಯಲ್ಲಿಟ್ಟುಕೊಂಡು ಅಡಿಕೆಯ ಹಾಗೆ ಅಗಿಯುತ್ತಿದ್ದೆ. ಅಗಿಯುತ್ತ ಅಗಿಯುತ್ತ ಅದರಲ್ಲಿ ನಿಜವೆಷ್ಟು, ನನ್ನ ಅಂಜಿಕೆ ಎಷ್ಟು ಎಂದು ಬೇರೆಯಾಗುತ್ತಿತ್ತು. ಈಗ ಅನುಮಾನ ಬರುವುದಕ್ಕೂ ಅದು ಹೊರಬೀಳುವುದಕ್ಕೂ ನಡುವೆ ಸಂದೇ ಇರಲಿಲ್ಲ. ಬಸಣ್ಣನ ವಿಷಯದಲ್ಲಿ ಆದದ್ದು ಅದೇ. ಅನುಮಾನವನ್ನು ತಡೆದು ಹಿಡಿದರೆ ಅದು ವಿಚಾರ, ಬಿಟ್ಟುಬಿಟ್ಟರೆ ಬರೀ ಬೈಗುಳ. ಹಾಗಾದರೆ ಮನುಷ್ಯನಲ್ಲಿ ವಿಚಾರ ಎಂಬುದು ಹುಟ್ಟಿದ್ದೇ ತನ್ನನ್ನು ತಾನು ತಡೆಯಬೇಕಾದ್ದರಿಂದಲೋ ಏನೋ. ದನ ಕಾಯುವ ದಿನಗಳಲ್ಲಿ ಹಸಿದು ಅಂಗಡಿಯ ಬೆಲ್ಲದ ಮುಂದೆ ನಿಂತದ್ದು ನೆನಪಾಯಿತು. ಕೈ ಬೆಲ್ಲದ ಕಡೆ ಎದ್ದಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡ ಗಳಿಗೆಯಲ್ಲಿ, ತೆಗೆದುಕೊಂಡರೆ ಏನು, ಬಿಟ್ಟರೆ ಏನು, ಕೇಳಿದರೆ ಏನು ಎಂದು ತಲೆ ಓಡಿತು. ನನಗೆ ತಿಳಿದ ಮಟ್ಟಿಗೆ ಅದೇ ನಾನು ಮಾಡಿದ ಮೊದಲ ವಿಚಾರ. ಕೇಳಿದೆ, ಅಂಗಡಿಯವನು ಕಸ ಹೊಡೆಯಲು ಹೇಳಿ ಒಂದು ಚೂರು ಬೆಲ್ಲ ಕೊಟ್ಟ.

ಇದನ್ನೆಲ್ಲ ನಾಗಮ್ಮನಿಗೆ ಹೇಳಿದೆ. ಆಕೆ ತೊಗರಿಯಿಂದ ಹರಳು ಆರಿಸುವುದನ್ನು ಬಿಡದೆ ಕೇಳಿದಳು.

"ತಡಿಯೂದ್ರಿಂದ ವಿಚಾರ ಹುಟ್ತದಂದ್ರ, ಗೂಟಕ್ಕ ಕಟ್ಟಿದ ಎತ್ತು ಇಷ್ಟ್ರಾಗ ದೊಡ್ಡ ಪಂಡಿತ ಆಗಬೇಕಿತ್ತಲ್ರೀ."

"ಎತ್ತಿಗೆ ಮಂದಿ ಹಗ್ಗ ಕಟ್ತಾರ. ನಾ ಹೇಳೂದು ತನ್ನ ಹಗ್ಗ ತಾನೇ ಕಟ್ಕೊಂಡವನ ಸುದ್ದಿ."

"ನೀವೇ ಕಟ್ಕೊಂಡಿದ್ರೇನು? ಬೆಲ್ಲದ ಅಂಗಡಿಯವ ಬಡಿಗಿ ಹಿಡಕೊಂಡು ಕುಂತಿದ್ನೋ ಇಲ್ಲೋ ಅದನ್ನ ಹೇಳ್ರಿ ಮೊದಲ."

ಕೂತಿದ್ದ. ಬಡಿಗೆ ಹಿಡಿದೇ ಕೂತಿದ್ದ. ಆಕೆಗೆ ಹೇಗೆ ಗೊತ್ತಾಯಿತೋ!

"ಅಂಜಿಕಿ ಹಿಡದದ್ದಕ್ಕ ನೀವು ಬುದ್ಧಿ ಅಂತ ಹೆಸರಿಟ್ಟೀರಿ," ಎಂದಳು. "ಈಗ ಅಂಜಿಕಿ ಇಲ್ಲೇನು? ರಗಡ ಅದ. ಕೈ ಯಾಕ ನಿಲ್ಲವಲ್ದು?"

ನಿಜ ಹೇಳಬೇಕೆಂದರೆ ಎಷ್ಟು ಬಲವಾಗಿ ತಡೆಯಲು ಹೋದರೆ ಕೈ ಅಷ್ಟು ಹೆಚ್ಚು ಕುಣಿಯುತ್ತಿತ್ತು. ಹಲ್ಲು ಕಚ್ಚಿ ಹಿಡಿದೆನೋ, ಭುಜದವರೆಗೂ ಅದುರು. ನಾಗಮ್ಮ ಮೊರವನ್ನು ನನ್ನ ಮುಂದೆ ತಳ್ಳಿ, ನೀವೂ ಆರಿಸ್ರಿ ಎಂದಾಗ, ಕಲ್ಲು ಯಾವುದು ಬೇಳೆ ಯಾವುದು ಎಂದು ನೋಡುವುದರಲ್ಲಿ ಕೈಯನ್ನು ಮರೆತಾಗ, ಅದು ಸ್ವಲ್ಪ ತಣ್ಣಗಾಗುತ್ತಿತ್ತು. ಅರ್ಧ ತೊಗರಿ ನೆಲಕ್ಕೆ ಹಾರುತ್ತಿತ್ತು, ಆಕೆ ಮತ್ತೆ ಆರಿಸಿ ಹಾಕುತ್ತಿದ್ದಳು. ತಡೆಯುವವನು ಬಾಗಿಲಲ್ಲಿ ನಿಂತ ಕಾವಲುಗಾರನಂಥವನೆಂದು ನಾನು ತಿಳಿದಿದ್ದೆ. ಅಲ್ಲ, ಅವನು ನಾಚಿಕೆಯ ಅಳಿಯನಂಥವನು, ನೋಡುತ್ತ ಕೂತರೆ ಒಳಗೆ ಬರುವುದೇ ಇಲ್ಲ. ಇಂಥ ರೋಗವಿದ್ದವರು ಇದೊಂದನ್ನು ಮಾಡಿ ನೋಡಿರಿ. ಕೈಯ ಜೊತೆ ಕುಸ್ತಿ ಬೇಡ, ಅದಕ್ಕೊಂದು ಸಣ್ಣ ಕೆಲಸ ಕೊಡಿ. ಔಷಧದಿಂದ ಗುಣವಾಯಿತೋ ತೊಗರಿಯಿಂದಲೋ ಎಂದು ಕೇಳಿದರೆ ನಾನು ಯಾರ ಪರವಾಗಿಯೂ ಆಣೆ ಮಾಡಲಾರೆ.

ಹೋಳಿಯ ಮುಂಚಿನ ಬಜಾರು ಬಂತು. ಕೈ ಸ್ವಲ್ಪ ಇಳಿದಿತ್ತು, ಪೂರ್ತಿ ಅಲ್ಲ. ಇದೂ ಒಂದು ಸಂಕಟವೇ. ಬಹಳ ಆಡಿದರೆ ನಾಟಕ ಎನ್ನುತ್ತಾರೆ, ಆಡದಿದ್ದರೆ ರೋಗವೆಲ್ಲಿ ಎನ್ನುತ್ತಾರೆ. ಎಷ್ಟು ಆಡಿದರೆ ನಂಬುತ್ತಾರೆ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಬಾಗಿಲಲ್ಲಿ ಬಂಡಿ ನಿಂತಿತು. ಬಸಣ್ಣ.

"ಅಕ್ಕ ಹೇಳಿ ಕಳಿಸ್ಯಾಳ. ನಿಮ್ಮ ಸಲುವಾಗಿ ಬಂದಿಲ್ಲ ನಾ," ಎಂದ, ಎತ್ತಿನ ಕಡೆ ನೋಡುತ್ತ. "ಹಾಲು ಕುಡಿದು ಹತ್ರಿ. ಅಕ್ಕನೇ ಕಾಸ್ಯಾಳ."

ಬೇವಿನ ಮರದ ಕೆಳಗೆ ಪಂಚರು, ಗುತ್ತೇದಾರ, ಖಾಸೀಮಸಾಬ. ಸ್ವಲ್ಪ ದೂರದಲ್ಲಿ ಸೆರಗು ಹೊದ್ದು ಗೌರವ್ವ, ತನ್ನ ಎತ್ತಿನ ಕೊರಳು ತುರಿಸುತ್ತ ನಿಂತಿದ್ದಳು. ಎತ್ತು ಆಕೆಯ ಕೈ ನೆಕ್ಕುತ್ತಿತ್ತು.

"ಡಾಕ್ಟರ್ ಚೀಟಿ ಕೊಟ್ಟಾರೇನು?" ಎಂದರು ಹಿರಿಯ ಪಂಚರು.

"ಇಲ್ರೀ. ಕೊಡಂಗಿಲ್ಲ ಅಂದ್ರು."

ಗುತ್ತೇದಾರ ನಕ್ಕ. "ಕೇಳಿದ್ರ್ಯಾ? ಇದ್ದಿದ್ರ ಕೊಡ್ತಿದ್ರು."

ನಿದ್ದೆಯ ಸುದ್ದಿಯನ್ನು ಯಾರೋ ಎತ್ತಿದರು. ನಾನು ಬಾಯಿ ಬಿಡಲು ಹೋದೆ. ನನ್ನ ಬಾಯಿಯನ್ನು ಈ ಬಜಾರಿನಲ್ಲಿ ಯಾರೂ ನಂಬುವುದಿಲ್ಲ ಎಂಬುದು ಆ ಹೊತ್ತಿಗೆ ನನಗೂ ತಿಳಿದಿತ್ತು. ಹಿರಿಯ ಪಂಚರು ತಲೆ ಕೆರೆದುಕೊಂಡು ಖಾಸೀಮಸಾಬನ ಕಡೆ ತಿರುಗಿದರು.

"ನೀ ಹಿಡದಿ ಆ ಕೈ. ನೀ ಏನಂತಿ?"

ಅವನು ಗುತ್ತೇದಾರನ ದಲಾಲಿ. ಅವನು ಹೌದು ಆಟ ಎಂದರೆ ಸೌದಾ ಉಳಿಯುತ್ತದೆ. ನಾನು ಹೊರಬೀಳುತ್ತೇನೆ, ಬಜಾರಿನಲ್ಲಿ ಅವನೊಬ್ಬನೇ ಉಳಿಯುತ್ತಾನೆ. ಅವನ ಜಾಗದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಖಾಸೀಮಸಾಬ ಹೆಗಲ ಮೇಲಿನ ವಲ್ಲಿ ತೆಗೆದ. "ಕೊಡು ಇಲ್ಲಿ," ಎಂದು ನನ್ನ ಮುಂದೆ ಕೂತು, ಇಬ್ಬರ ಕೈ ಮೇಲೂ ಬಟ್ಟೆ ಹಾಕಿದ. ಮೊದಲು ನನ್ನ ಬೆರಳುಗಳನ್ನು ಸುಮ್ಮನೆ ಹಿಡಿದ. ಅವು ಅವನ ಅಂಗೈಯಲ್ಲಿ ಕುಣಿದವು. ಆಮೇಲೆ ಒಂದು ದರ ಹಿಡಿದ. ಯಾವ ಎತ್ತಿಗೆ, ಯಾತಕ್ಕೆ, ಏನೂ ಇಲ್ಲ. ಆಸೆ ಹುಟ್ಟಿಸುವ ದೊಡ್ಡ ದರ ಹಿಡಿದ, ಅಂಜಿಸುವ ಸಣ್ಣ ದರ ಹಿಡಿದ. ನನ್ನ ಕೈ ಜಾರಿತು, ಹಿಡಿಯಿತು, ಮಣಿಕಟ್ಟಿಗೆ ಹಾರಿತು, ಬಿಟ್ಟಿತು. ನಾನು ತಡೆಯಲು ಹೋಗಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅವನು ನನ್ನ ಮುಖ ನೋಡಲೇ ಇಲ್ಲ, ಕಣ್ಣು ಮುಚ್ಚಿಕೊಂಡಿದ್ದ. ಬಹಳ ಹೊತ್ತಾಯಿತು.

ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡ. "ರೋಗ ಖರೇ ಅದ್ರೀ."

"ಹ್ಯಾಂಗ್ ಹೇಳ್ತೀ?" ಗುತ್ತೇದಾರ ಸಿಟ್ಟಿನಿಂದ ಎದ್ದ. "ನೀ ನನ್ನ ದಲಾಲಿ ಅದೀಯೋ, ಅವನ ದಲಾಲಿ ಅದೀಯೋ?"

"ತುಮ್ಹಾರಾ ಹೀ ಹೂಂ ಸೇಟ್, ನಿಮ್ಮಾಂವನೇ," ಎಂದ ಖಾಸೀಮಸಾಬ. ಆಮೇಲೆ ಪಂಚರ ಕಡೆ ತಿರುಗಿ ಹೇಳಿದ: "ಈ ಸಿದ್ರಾಮಪ್ಪ ಸುಳ್ಳ ಹೇಳೂ ಮುಂದ, ಒಳಗ ಏನಾರ ಲೆಕ್ಕ ಹಾಕೂ ಮುಂದ, ಇವನ ಕೈ ಸತ್ತಂಗ ಸುಮ್ಮನ ಆಗ್ತದ್ರೀ. ಬೆರಳು ಒಂದು ಕೂದಲಷ್ಟೂ ಅಲಗಂಗಿಲ್ಲ. ಇಷ್ಟ್ ವರ್ಷ ನಾ ಅದನ್ನ ನೋಡೇ ಇವನ ಜೋಡಿ ಧಂದೆ ಮಾಡೀನಿ. ಈಗ ಎಷ್ಟ್ ಆಸೆ ತೋರಿಸಿದ್ರೂ, ಎಷ್ಟ್ ಅಂಜಿಸಿದ್ರೂ, ಒಮ್ಮಿನೂ ಸುಮ್ಮನ ಆಗ್ಲಿಲ್ಲ. ಒಳಗ ಲೆಕ್ಕ ಹಾಕಾಂವ ಇಲ್ಲ. ನಾಟಕ ಮಾಡ್ಲಾಕ ಲೆಕ್ಕ ಬೇಕಲ್ರೀ?"

ಯಾರೂ ನಗಲಿಲ್ಲ. ನನಗೆ ಅವಮಾನವಾದಂತೆಯೂ, ಯಾರೋ ನನ್ನ ಬೆನ್ನ ಮೇಲಿಂದ ಮೂಟೆ ಇಳಿಸಿದಂತೆಯೂ ಆಯಿತು. ಯಾರಿಗೂ ಕಾಣದ ಜಾಗವೆಂದು ನಾನು ನನ್ನ ವಿಚಾರವನ್ನೆಲ್ಲ ಆ ಸಂದಿನಲ್ಲಿ ಇಟ್ಟಿದ್ದೆ. ಇವನು ಅದರ ಬಾಗಿಲಲ್ಲೇ ಕೂತಿದ್ದ. ನಾನು ಯಾವಾಗ ವಿಚಾರ ಮಾಡುತ್ತೇನೆ, ಯಾವಾಗ ಇಲ್ಲ ಎಂಬುದು ಅವನಿಗೆ ಬೆರಳ ತುದಿಯಲ್ಲಿ ಗೊತ್ತಿತ್ತು.

ಪಂಚರು ಸೌದಾ ಮುರಿದರು. ಗುತ್ತೇದಾರ ಖಾಸೀಮಸಾಬನಿಗೆ ಇನ್ನು ತನ್ನ ಕೆಲಸಕ್ಕೆ ಬರಬೇಡ ಎಂದು ಹೇಳಿ ಹೊರಟುಹೋದ. ಗೌರವ್ವ ಎತ್ತಿನ ಹಗ್ಗವನ್ನು ಕೈಗೆ ಸುತ್ತಿಕೊಂಡು ನನ್ನ ಮುಂದೆ ಬಂದು ನಿಂತಳು.

"ನಿನ್ನ ನಂಬೀನಿ ಅಂತ ತಿಳಕೋಬ್ಯಾಡಪಾ," ಎಂದಳು. "ಖಾಸೀಮಸಾಬರನ್ನ ನಂಬೀನಿ."

"ಆಗಲಿ ಅವ್ವಾ."

"ಎತ್ತು ಮಾರೂದದ ಇನ್ನೂ. ಕೈ ನೆಟ್ಟಗಾದ ಮ್ಯಾಲ ಹೇಳಿ ಕಳಸು. ನೋಡ್ತೀನಿ." ಒಂದೆರಡು ಹೆಜ್ಜೆ ಹೋಗಿ ತಿರುಗಿದಳು. "ಜೋಡಿ ಖಾಸೀಮಸಾಬರೂ ಇರಬೇಕು."

ಮಂದಿ ಚದುರಿದ ಮೇಲೆ ನಾನು ಖಾಸೀಮಸಾಬನ ಪಕ್ಕದಲ್ಲಿ ಕೂತೆ. ಧನ್ಯವಾದ ಹೇಳುವ ಬದಲು ಬಾಯಿಂದ ಬಂದದ್ದು ಬೇರೆ.

"ಇದರಾಗ ನಿನಗೇನ್ ಲಾಭ, ಖರೇ ಹೇಳು."

ಅವನು ಗಡ್ಡ ನೀವಿಕೊಂಡು ನಕ್ಕ. "ಅರೆ, ರೋಗ ಬಂದ್ರೂ ಈ ಚಟ ಹೋಗ್ಲಿಲ್ಲ ನಿಂದು! ಕೇಳು. ಕೈ ಸುಮ್ಮನ ಆಗೂದು ಗೊತ್ತಿತ್ತು ನನಗ. ಒಳಗ ಏನ್ ಲೆಕ್ಕ ನಡದದ ಅನ್ನೂದು ಒಂದ್ ದಿನಾನೂ ಗೊತ್ತಾಗ್ಲಿಲ್ಲ. ಅದನ್ನ ತಿಳಕೋಬೇಕಂತೇ ನಾ ಸ್ವಲ್ಪ ಶಾಣ್ಯಾ ಆದೆ. ನೀ ಹೋದ್ರ ನಾ ಯಾರ ಜೋಡಿ ಕುಂದರ್ಲಿ? ಈ ಹೊಸಾ ಹುಡುಗ್ರ ಕೈಯಾಗ ಏನೂ ಇರಂಗಿಲ್ಲ, ಹಿಡದ್ರ ಬೆಂಡಿಕಾಯಿ ಹಿಡದಂಗ."

ಈ ಮಾತನ್ನು ನಾನು ಬಹಳ ದಿನ ತಿರುಗಿಸಿ ಮುರುಗಿಸಿ ನೋಡಿದೆ. ಒಡಕು ಎಲ್ಲೂ ಸಿಗಲಿಲ್ಲ. ಇನ್ನೂ ನೋಡುತ್ತಿದ್ದೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕೈ ನನಗೆ ಮರಳಿ ಬಂತು. ದಣಿದಾಗ ಕಿರುಬೆರಳು ಈಗಲೂ ಒಮ್ಮೊಮ್ಮೆ ಎಗರುತ್ತದೆ. ಗೌರವ್ವನ ಎತ್ತನ್ನು ಒಬ್ಬ ರೈತನಿಗೆ ನಾನೇ ಮಾರಿಕೊಟ್ಟೆ, ಎದುರಿಗೆ ಖಾಸೀಮಸಾಬನೇ ಕೂತಿದ್ದ. ಆಕೆ ಕಟ್ಟಿದ ಎಮ್ಮೆಗಳನ್ನು ಹೋಗುತ್ತ ಬರುತ್ತ ನೋಡುತ್ತೇನೆ. ಬಸಣ್ಣ ನಮ್ಮ ಮನೆಗೆ ವಾಪಸು ಬಂದ. ಹಾಲನ್ನು ಮಾತ್ರ ಅವನು ಇಂದಿಗೂ ನನ್ನ ಕೈಗೆ ಕೊಡುವುದಿಲ್ಲ, ಅಕ್ಕನ ಕೈಗೆ ಕೊಡುತ್ತಾನೆ. ಕೇಳಿಕೊಂಡರೆ ಕೊಟ್ಟಾನು. ನಾನಿನ್ನೂ ಕೇಳಿಲ್ಲ.

ಈಗ ಬಟ್ಟೆಯ ಕೆಳಗೆ ಕೂತಾಗ ನನಗೆ ಒಂದು ಆಸೆ ಬರುತ್ತದೆ. ನನ್ನ ಕೈ ಸುಮ್ಮನಾದರೆ ಖಾಸೀಮಸಾಬನಿಗೆ ತಿಳಿಯುತ್ತದಲ್ಲ, ಬೇಕೆಂದೇ ಒಂದೆರಡು ಬೆರಳು ಆಡಿಸಿಬಿಡಲೇ? ರೋಗದ ನೆಪ ಹೇಗೂ ಇದೆ, ಬಜಾರೆಲ್ಲ ಒಪ್ಪಿದೆ. ಇಷ್ಟು ಒಳ್ಳೆಯ ಹತಾರ ನನಗೆ ಆಯುಷ್ಯದಲ್ಲೇ ಸಿಕ್ಕಿರಲಿಲ್ಲ. ಆ ಆಸೆಯನ್ನು ತಡೆಯುತ್ತೇನೆ. ತಡೆದ ಗಳಿಗೆಯಲ್ಲಿ ಕೈ ತಣ್ಣಗಾಗುತ್ತದೆ, ಅವನಿಗೆ ಗೊತ್ತಾಗುತ್ತದೆ.

"ಆಗ್ಲಿ, ಆಗ್ಲಿ," ಎನ್ನುತ್ತಾನೆ ಅವನು, ನನ್ನ ಬೆರಳನ್ನು ಸಡಿಲಾಗಿ ಹಿಡಿದುಕೊಂಡು. "ಸಾವಕಾಶ ವಿಚಾರ ಮಾಡು. ನಾ ಕುಂತೀನಿ."